ಸಿಮೆಂಟಿನ ಅಂಗಳದ ಡೇರೆ

ಉತ್ತರದ ಆ ಕಾಡುಸೀಮೆಯನ್ನು ಕಣ್ಣಾರೆ ಕಾಣದೆ, ಡೇರೆಯೊಳಗೆ ಒಂದು ರಾತ್ರಿಯೂ ಮಲಗದೆ, ಅಲ್ಲಿಗೆ ಹೊರಟವಳೊಬ್ಬಳ ಕಥೆ ಹೇಳಲು ಕೂರುವುದು ಉದ್ಧಟತನವೇ ಸರಿ. ಬಲ್ಲವರು ನಕ್ಕರೆ ನಗಲಿ, ಆಮೇಲೆ ಮನ್ನಿಸಲಿ. ಆದರೆ ಪುಟ್ಟಿಯೂ ಆ ಸೀಮೆಯನ್ನು ಕಂಡವಳಲ್ಲ. ಹಾಗಾಗಿ ಅವಳು ಹೊರಡುವವರೆಗಿನ ಕಥೆಯನ್ನಾದರೂ ಹೇಳಬಹುದೇನೋ.

ಪುಟ್ಟಿಗೆ ಐವತ್ತೊಂದು ವರ್ಷ. ಚಿಕ್ಕಂದಿನಲ್ಲಿ ಅಣ್ಣ ಇಟ್ಟ ಹೆಸರು ಅತ್ತಿಗೆಯ ಬಾಯಿಗೆ ಬಂದು, ನೆರೆಯವರ ಬಾಯಿಗೆ ದಾಟಿ, ಕೊನೆಗೆ ಕೆಲಸದ ಜಾಗಕ್ಕೂ ಬಂದು ಕೂತಿತ್ತು. ಮದುವೆಯ ಗೋಜಿಗೆ ಹೋಗದ ಅವಳು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು, ಇಪ್ಪತ್ನಾಲ್ಕು ವರ್ಷದಿಂದ ಡೇರೆ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದಳು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಹೊಲಿದು ಮುಗಿಸಿದ ಡೇರೆಯನ್ನು ಹಿಂದಿನ ಸಿಮೆಂಟಿನ ಅಂಗಳದಲ್ಲಿ ನಿಲ್ಲಿಸಿ, ಒಬ್ಬರು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಕಾಲು ಗಂಟೆ ಪೈಪಿನಲ್ಲಿ ನೀರು ಬಿಡಬೇಕು. ಒಳಗೆ ಕೂರುವವಳು ಪುಟ್ಟಿ. ಪೈಪು ಹಿಡಿಯುವವಳು ಜಿಪ್ಪುಗಳನ್ನು ಸರಿಮಾಡುವ ಹೆಂಗಸು. ಅದೇ ಕಾರಣಕ್ಕೆ ಅವಳು ಜಿಪ್ಪಮ್ಮ.

"ಬದುಕಿದ್ದೀಯೇನೇ?" ಎಂದು ಜಿಪ್ಪಮ್ಮ ಹೊರಗಿನಿಂದ ಕೂಗುವಳು.

"ಒಣಗಿದ್ದೀನಿ ಕಣೇ!" ಎಂದು ಪುಟ್ಟಿ ಒಳಗಿನಿಂದ ಕೂಗುವಳು. ಅಷ್ಟಾದರೆ ಡೇರೆ ಪಾಸು.

ಬೇಸಿಗೆ ಮುಗಿದ ಮೇಲೆ ಉತ್ತರದಿಂದ ಹರಿದ ಡೇರೆಗಳು ಬರುತ್ತಿದ್ದವು. ಕೊಡವಿದರೆ ಮೂಲೆಗಳಿಂದ ಒಣಗಿದ ಸೊಳ್ಳೆಗಳು, ಬೂದು ಬಣ್ಣದ ಪಾಚಿ, ಸೂಜಿಯಂಥ ಎಲೆಗಳು ಉದುರುತ್ತಿದ್ದವು. ಒಮ್ಮೆ ಯಾವುದೋ ಹಕ್ಕಿಯ ಬಿಳಿ ಗರಿ ಬಿತ್ತು. ಬೇರೆಯವರು ಗುಡಿಸಿ ಎಸೆಯುತ್ತಿದ್ದುದನ್ನು ಪುಟ್ಟಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಳು. ಡಬ್ಬಿ ತುಂಬಿದ ವರ್ಷ ಅವಳಿಗೆ ಒಂದು ಮಾತು ಹೊಳೆಯಿತು. ಇಷ್ಟು ವರ್ಷ ಊರವರೆಲ್ಲ ಎಲ್ಲೆಲ್ಲಿಗೋ ಹೋಗಿ ಮಲಗಿ ಬರಲೆಂದು ತಾನು ಕಾಲುಕಾಲು ಗಂಟೆ ಕೂತು ಎದ್ದಿದ್ದೇನೆ. ತನಗಾಗಿ ಒಂದು ದಿನವೂ ಕೂತಿಲ್ಲ.

ಅಂದಿನಿಂದ ಉತ್ತರದ ಆ ಕಾಡಿಗೆ ತಾನೇ ಹೋಗಿ ಮಲಗಬೇಕೆಂದು ಅವಳು ಹಟಕ್ಕೆ ಬಿದ್ದಳು. ಯಾರೋ ರಿಪೇರಿಗೆ ಕೊಟ್ಟು ನಾಲ್ಕು ವರ್ಷವಾದರೂ ಒಯ್ಯದ ಸಣ್ಣ ಹಸಿರು ಡೇರೆಯೊಂದನ್ನು ಯಜಮಾನರನ್ನು ಕೇಳಿ ಪಡೆದಳು. ನಕ್ಷೆ ತರಿಸಿ ಕೋಣೆಯ ಗೋಡೆಗೆ ಅಂಟಿಸಿದಳು. ಏರ್ಪಾಡು ಹೀಗಿತ್ತು: ಸಣ್ಣ ವಿಮಾನವೊಂದು ಸರೋವರದ ನೀರಿನ ಮೇಲೇ ಇಳಿದು ಅವಳನ್ನು ಬಿಟ್ಟು ಹೋಗುತ್ತದೆ. ಒಂಬತ್ತು ದಿನ ಕಳೆದು, ಹತ್ತನೆಯ ದಿನ ಬೆಳಿಗ್ಗೆ ಬಂದು ಕರೆದೊಯ್ಯುತ್ತದೆ. ನಡುವೆ ರಸ್ತೆಯಿಲ್ಲ, ಅಂಗಡಿಯಿಲ್ಲ, ಫೋನಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗಿಯೂ ಮುಳುಗದ ಹಾಗೆ ಇರುತ್ತಾನಂತೆ.

ಎಲ್ಲ ಸರಿಹೋಯಿತು, ಅರಣ್ಯ ಕಚೇರಿಯ ಅರ್ಜಿಯ ಕೊನೆಯ ಪುಟ ಒಂದನ್ನು ಬಿಟ್ಟು. ಅದರ ತಲೆಬರಹ 'ಮನೆಯಲ್ಲಿ ಉಳಿಯುವವರು'. ಅದೇ ವಿಳಾಸದಲ್ಲಿ ವಾಸವಿರುವ ಒಬ್ಬರು ಸಹಿ ಹಾಕಬೇಕು: ಹತ್ತನೆಯ ದಿನ ಮಧ್ಯಾಹ್ನದೊಳಗೆ ಹೋದವರ ಸುದ್ದಿ ಬಾರದಿದ್ದರೆ ಕಚೇರಿಗೆ ಫೋನ್ ಮಾಡುತ್ತೇನೆ ಎಂದು. ಆ ಸಹಿ ಇಲ್ಲದೆ ಅಪ್ಪಣೆಯಿಲ್ಲ.

ಅಣ್ಣ ಲಿಫ್ಟ್ ತಪಾಸಣೆಯ ಅಧಿಕಾರಿ. ಊರಿನ ಅರ್ಧಕ್ಕರ್ಧ ಲಿಫ್ಟುಗಳಲ್ಲಿ 'ತಪಾಸಣೆ ಮುಗಿದಿದೆ, ಇಷ್ಟು ಜನರಿಗೆ ಮಾತ್ರ' ಎಂಬ ದಪ್ಪ ಚೀಟಿಯ ಕೆಳಗೆ ಇರುವುದು ಅವನದೇ ಸಹಿ. ಊಟದ ಮೇಜಿನ ಮೇಲೆ ಅರ್ಜಿ ಇಟ್ಟಾಗ ಅವನು ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದ.

"ನಾನು ನೋಡದೇ ಇರೋದಕ್ಕೆ ಸಹಿ ಹಾಕಲ್ಲ. ನಿಂಗೊತ್ತು. ಅದೂ ನಿನ್ನ ವಯಸ್ಸಿಗೆ ಒಬ್ಬಳೇ..."

"ಅಣ್ಣ, ಒಂದೋ ನಾನು ಪುಟ್ಟಿ, ಇಲ್ಲಾ ಮುದುಕಿ. ಎರಡೂ ಒಟ್ಟಿಗೆ ಆಗೋಕಾಗಲ್ಲ. ಯಾವುದಾದ್ರೂ ಒಂದನ್ನ ಹಿಡ್ಕೋ."

ಅತ್ತಿಗೆ ನಗು ತಡೆಯಲು ನೀರು ಕುಡಿದಳು. ಪುಟ್ಟಿ ಅವಳ ಕಡೆ ತಿರುಗಿದಳು. "ಅತ್ತಿಗೆ, ನೀವಾದ್ರೂ ಹಾಕಿ. ನಿಮ್ಮದೂ ಇದೇ ವಿಳಾಸ ತಾನೆ?"

"ಅಯ್ಯೋ, ಇವರು ಬೇಡ ಅಂದಿದ್ದಕ್ಕೆ ನಾನು ಹಾಕಿದ್ರೆ ನಾಳೆಯಿಂದ ಈ ಮನೇಲಿ ಗಡಿಯಾರ ಒಂದೇ ಮಾತಾಡೋದು. ನನ್ನನ್ನ ಎಳೀಬೇಡ ತಾಯಿ."

"ನೋಡದೇ ಇರೋದಕ್ಕೆ ಹಾಕಲ್ಲ ಅಂದೆಯಲ್ಲ," ಎಂದಳು ಪುಟ್ಟಿ ಅಣ್ಣನಿಗೆ. "ನೋಡು ಹಾಗಾದ್ರೆ. ಭಾನುವಾರ ಬಾ, ಟೆಂಟ್ ಹಾಕಿ ತೋರಿಸ್ತೀನಿ."

ಭಾನುವಾರ ಮಧ್ಯಾಹ್ನ ಹೊಳೆದಂಡೆಯ ಬಯಲಿನಲ್ಲಿ ಅಣ್ಣ ಮಡಚುವ ಕುರ್ಚಿ ಹಾಕಿ, ತೊಡೆಯ ಮೇಲೆ ಫೈಲಿಟ್ಟು ಕೂತ. ಪುಟ್ಟಿಯ ಕೈ ಹೊಲಿಗೆಯ ಸೂಜಿಯ ಹಾಗೆ ಓಡಿತು. ಕಡ್ಡಿಗಳನ್ನು ಜೋಡಿಸಿದಳು, ಬಟ್ಟೆ ಎಳೆದಳು; ಆರೇ ನಿಮಿಷದಲ್ಲಿ ಹಸಿರು ಡೇರೆ ಎದ್ದು ನಿಂತಿತು. ಅಣ್ಣನ ಹುಬ್ಬು ಮೇಲೇರಿದ್ದನ್ನು ಅವಳು ಓರೆಗಣ್ಣಿನಿಂದ ನೋಡಿ ಬೀಗಿದಳು. ಆಮೇಲೆ ಅಭ್ಯಾಸಬಲದಿಂದ ಬೆನ್ನ ಹಿಂದೆ ಕೈ ಚಾಚಿದಳು.

ಕೈಗೆ ಏನೂ ಸಿಗಲಿಲ್ಲ.

ಕಾರ್ಖಾನೆಯಲ್ಲಾದರೆ ಅಲ್ಲಿ ಮರಳಿನ ಚೀಲಗಳಿರುತ್ತಿದ್ದವು. ಸಿಮೆಂಟಿಗೆ ಗೂಟ ಹೊಡೆಯುವುದು ಆಗದ ಮಾತು. ಹಾಗಾಗಿ ಅಲ್ಲಿ ಪ್ರತಿಯೊಂದು ಡೇರೆಯ ನಾಲ್ಕು ಮೂಲೆಗೂ ಚೀಲವಿಟ್ಟು ನಿಲ್ಲಿಸುವುದೇ ರೂಢಿ. ಗೂಟಗಳ ಗಂಟನ್ನು ಬಿಚ್ಚದೆ, ಗಿರಾಕಿಯ ಹೆಸರಿನ ಚೀಟಿಯ ಜೊತೆ ಹಾಗೇ ಕಟ್ಟಿಡುತ್ತಿದ್ದರು. ಸಾವಿರಾರು ಡೇರೆ ಹೊಲಿದ ಪುಟ್ಟಿ ಹುಟ್ಟಿದಾಗಿನಿಂದ ಒಂದೇ ಒಂದು ಗೂಟವನ್ನು ಮಣ್ಣಿಗೆ ಹೊಡೆದಿರಲಿಲ್ಲ. ಇಷ್ಟು ವರ್ಷದಲ್ಲಿ ಈ ವಿಷಯ ಅವಳ ಗಮನಕ್ಕೇ ಬಂದಿರಲಿಲ್ಲ.

ಅದನ್ನು ತೋರಗೊಡದೆ ಅವಳು ಗೂಟಗಳ ಗಂಟು ಬಿಚ್ಚಿ, ಗೋಡೆಗೆ ಮೊಳೆ ಹೊಡೆದಂತೆ ಗೂಟಗಳನ್ನು ನೆಟ್ಟಗೆ ಹೊಡೆದಳು. ಎರಡು ಬಾಗಿದವು. ಹೊಳೆಯ ಕಡೆಯಿಂದ ಒಂದು ಗಾಳಿ ಬೀಸಿತು, ಅಷ್ಟೇ. ಉಳಿದವು ಬೆಣ್ಣೆಯಿಂದ ಕಡ್ಡಿ ಎಳೆದ ಹಾಗೆ ಕಿತ್ತು ಬಂದವು. ಡೇರೆ ಉರುಳುರುಳುತ್ತಾ ಬಯಲು ದಾಟಿ ಆಟದ ಮೈದಾನದ ಬೇಲಿಗೆ ಹೋಗಿ ತಗುಲಿಕೊಂಡಿತು. ಅಲ್ಲಿ ಆಡುತ್ತಿದ್ದವರು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

ಅವಳು ಅದನ್ನು ಎಳೆದು ತರುವಷ್ಟರಲ್ಲಿ ಅಣ್ಣ ಪೆನ್ನಿನ ಮುಚ್ಚಳ ಹಾಕಿದ್ದ. "ಮುಗೀತು. ನಡಿ ಮನೆಗೆ. ನಾನು ಯಾರ ಹತ್ರಾನೂ ಹೇಳಲ್ಲ."

ಆ ಕರುಣೆಯೇ ಅವಳನ್ನು ಕೆರಳಿಸಿತು. "ಅಣ್ಣ, ಲಿಫ್ಟ್ ಫೇಲಾದ್ರೆ ಏನು ಮಾಡ್ತೀಯ? ಕಟ್ಟಡ ಕೆಡವಿಸ್ತೀಯಾ?"

"ಅದು ಬೇರೆ ಇದು ಬೇರೆ."

"ಎಷ್ಟು ದಿನ ಟೈಮ್ ಕೊಡ್ತೀಯ ಹೇಳು."

ಅವನು ಹೊಳೆಯ ಕಡೆ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಮೂವತ್ತು."

"ಕೊಡು."

ಆ ಮೂವತ್ತು ದಿನ ಪುಟ್ಟಿ ಕೆಲಸಕ್ಕೆ ಹೋಗುವ ಮುಂಚೆ ಬಯಲಿಗೆ ಹೋದಳು. ಮರಳು ನೆಲ, ಜಿಗುಟು ನೆಲ, ಬೇರು ತುಂಬಿದ ನೆಲ, ಯಾವುದನ್ನೂ ಬಿಡಲಿಲ್ಲ. ಬಾಗಿದ ಗೂಟಗಳನ್ನು ಕಾರ್ಖಾನೆಗೆ ತಂದು ಬಡಿದು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ವಿಷಯ ತಿಳಿದ ಜಿಪ್ಪಮ್ಮ ಪೈಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇಪ್ಪತ್ನಾಲ್ಕು ವರ್ಷ ಟೆಂಟ್ ಹೊಲಿದು ಗೂಟ ಹೊಡೆಯೋಕೆ ಬರಲ್ಲ ಅನ್ನೋದು, ನಂಗೆ ಜಿಪ್ ಹಾಕ್ಕೊಳ್ಳೋಕೆ ಬರಲ್ಲ ಅಂದ ಹಾಗಾಯ್ತಲ್ಲೇ!"

"ನಗು, ನಗು. ನಿಂಗೆ ಹೊಡೆಯೋಕೆ ಬರುತ್ತಾ?"

ಜಿಪ್ಪಮ್ಮನ ನಗು ನಿಂತಿತು. "ಇಲ್ಲ," ಎಂದಳು.

ಗೂಟದ ತಲೆ ಡೇರೆಗೆ ಬೆನ್ನು ಹಾಕಿ ಓರೆಯಾಗಿರಬೇಕು, ಹಗ್ಗ ಎಳೆದಷ್ಟೂ ಅದು ನೆಲವನ್ನು ಕಚ್ಚುತ್ತದೆ. ಇದನ್ನು ಪುಟ್ಟಿಗೆ ಯಾರೂ ಹೇಳಿಕೊಡಲಿಲ್ಲ. ಹನ್ನೊಂದನೆಯ ದಿನ, ಅಂಗೈಯ ಬೊಕ್ಕೆ ಒಡೆದ ಮೇಲೆ, ನೆಲವೇ ಹೇಳಿಕೊಟ್ಟಿತು.

ಮೂವತ್ತನೆಯ ದಿನ ಗಾಳಿ ಹುಚ್ಚೆದ್ದಿತ್ತು. ಅಣ್ಣ ಬೆಳಿಗ್ಗೆ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿ, "ಇವತ್ತು ಸರಿಯಾಗಿದೆ," ಎಂದ. ಅತ್ತಿಗೆ ಫ್ಲಾಸ್ಕಿನಲ್ಲಿ ಚಹಾ ತಂದಳು. ಜಿಪ್ಪಮ್ಮ ಬಯಲಿನ ನಲ್ಲಿಗೆ ಉದ್ದನೆಯ ಪೈಪು ಸಿಕ್ಕಿಸಿ ಕಾದಿದ್ದಳು. ಪುಟ್ಟಿ ಡೇರೆ ಹಾಕಿದಳು. ಎಂಟು ಗೂಟ, ಎಂಟೂ ಓರೆಗೆ. ಡೇರೆ ಗಾಳಿಗೆ ಉಬ್ಬಿತು, ಗುಡುಗಿತು, ಜಾಗ ಬಿಟ್ಟು ಕದಲಲಿಲ್ಲ.

"ಒಳಗೆ ನಾನು ಕೂತ್ಕೋತೀನಿ," ಎಂದ ಅಣ್ಣ. ಬೂಟು ಬಿಚ್ಚಿ, ಫೈಲು ಎದೆಗವಚಿಕೊಂಡು, ಮಂಡಿಯೂರಿ ಒಳಗೆ ಹೋದ. ಜಿಪ್ಪಮ್ಮ ಹಳೆಯ ಲೆಕ್ಕ ತೀರಿಸುವವಳಂತೆ ನೀರು ಬಿಟ್ಟಳು.

"ಸಾಹೇಬ್ರೇ, ಬದುಕಿದ್ದೀರಾ?"

ಒಳಗಿನಿಂದ ಸಣ್ಣ ದನಿ ಬಂತು. "ಒಣಗಿದ್ದೀನಿ."

ಕಾಲು ಗಂಟೆ ಕಳೆದು ಹೊರಬಂದವನು ಒಂದೊಂದೇ ಹಗ್ಗ ಎಳೆದು ನೋಡಿದ. ಪೆನ್ನು ತೆಗೆದ. ಮತ್ತೆ ಜೇಬಿಗಿಟ್ಟ.

"ಟೆಂಟ್ ಪಾಸು. ಸಹಿ ಹಾಕಲ್ಲ."

"ಇದ್ಯಾವ ನ್ಯಾಯ?"

"ಹತ್ತನೇ ದಿನ ಫೋನ್ ಮುಂದೆ ಕೂತಿರೋನು ನಾನು, ಪುಟ್ಟಿ. ಹನ್ನೆರಡು ಗಂಟೆ ಹೊಡೆದ್ರೆ ನಮ್ಮವಳು ಬಂದಿಲ್ಲ ಅಂತ ನಾನು ಹೇಳಬೇಕು. ಲಿಫ್ಟಿಗೆ ತೂಕ ಇಟ್ಟು ನೋಡ್ತೀನಿ. ಇದಕ್ಕೆ ಯಾವ ತೂಕ ಇಟ್ಟು ನೋಡ್ಲಿ?"

ಪುಟ್ಟಿ ಜಗ್ಗಲಿಲ್ಲ. "ನೀನು ಹೆದರೋದು ತಪ್ಪು ಅನ್ನಲ್ಲ. ಆದ್ರೆ ನೀನು ಹೆದರ್ತೀಯ ಅಂತ ನಾನು ಮನೇಲಿ ಕೂರಲ್ಲ. ಇದೇ ವಿಳಾಸದವರ ಸಹಿ ಬೇಕು ತಾನೆ? ನಾಳೆ ನನ್ನ ವಿಳಾಸ ಬದಲಾಗುತ್ತೆ. ಜಿಪ್ಪಮ್ಮನ ಮನೇಲಿ ಒಂದು ಕೋಣೆ ಖಾಲಿ ಇದೆ."

"ಇದೆಯಾ?" ಎಂದಳು ಜಿಪ್ಪಮ್ಮ. ಪುಟ್ಟಿ ಕಣ್ಣು ಬಿಟ್ಟಳು. "ಹೂಂ ಹೂಂ, ಇದೆ. ದೊಡ್ಡ ಕೋಣೆ," ಎಂದು ಜಿಪ್ಪಮ್ಮ ತಿದ್ದಿಕೊಂಡಳು.

ಅತ್ತಿಗೆ ಚಹಾದ ಲೋಟ ಹುಲ್ಲಿನ ಮೇಲಿಟ್ಟಳು. ಗಂಡನ ಜೇಬಿನಿಂದ ಪೆನ್ನು ತೆಗೆದು, ಕೈಯಿಂದ ಫೈಲು ಎಳೆದುಕೊಂಡು, ಮಡಚುವ ಕುರ್ಚಿಯ ಮೇಲೆ ಕೂತು ಸಹಿ ಹಾಕಿದಳು. "ಮಾತು ಬಿಡೋದಾದ್ರೆ ಬಿಡಿ. ಗಡಿಯಾರ ಇದೆ," ಎಂದಳು.

ಅಣ್ಣ ನಿಜಕ್ಕೂ ಮಾತು ಬಿಟ್ಟ. ದಿನಗಳು ಕಳೆದವು, ಅಪ್ಪಣೆಯ ಕಾಗದ ಬಂತು, ಬೇಸಿಗೆಯೂ ಬಂತು. ಪುಟ್ಟಿ ಚೀಲ ಕಟ್ಟಿದಳು, ಅತ್ತಿಗೆ ಭಾರವಾಯಿತೆಂದು ಎರಡನೆಯ ಟವೆಲು ಹೊರತೆಗೆದಳು. ಅವನು ಮಾತ್ರ ತಲೆ ಎತ್ತಲಿಲ್ಲ. ಹೊರಡುವ ದಿನ ಬಾಗಿಲ ಬಳಿಗೂ ಬರಲಿಲ್ಲ. ಪುಟ್ಟಿ ಒಂದು ಸಲ ತಿರುಗಿ ನೋಡಿದಳು, ನಿಲ್ಲಲಿಲ್ಲ.

ರೈಲಿನಲ್ಲಿ ಕೂತು ಡೇರೆಯ ಚೀಲ ಸರಿಮಾಡುವಾಗ ಗಿರಾಕಿಯ ಹೆಸರಿನ ಚೀಟಿ ಕಟ್ಟುವ ಜಾಗದಲ್ಲಿ ಏನೋ ಗಟ್ಟಿಯಾದದ್ದು ಕೈಗೆ ತಾಗಿತು. ಲಿಫ್ಟುಗಳಿಗೆ ಹಾಕುವ ದಪ್ಪ ಚೀಟಿ. 'ತಪಾಸಣೆ ಮುಗಿದಿದೆ. ಒಬ್ಬರಿಗೆ ಮಾತ್ರ.' ಕೆಳಗೆ ಅಣ್ಣನ ಸಹಿ. ಅವಧಿ ಎಂದಿರುವಲ್ಲಿ ಹತ್ತನೆಯ ದಿನದ ತಾರೀಕು. ಪಕ್ಕದಲ್ಲಿ ಒತ್ತಿ ಬರೆದಿದ್ದ: ಮಧ್ಯಾಹ್ನ ಹನ್ನೆರಡು.

"ಇದಕ್ಕೂ ಗಡುವು ಹಾಕಿದ್ದಾನೆ ನೋಡು," ಎಂದು ಪುಟ್ಟಿ ತನ್ನಷ್ಟಕ್ಕೆ ಗೊಣಗಿಕೊಂಡು, ಚೀಟಿಯನ್ನು ಇನ್ನೊಂದು ಗಂಟು ಹಾಕಿ ಬಿಗಿದಳು.

ಇಲ್ಲಿಂದ ಮುಂದೆ ಗೊತ್ತಿಲ್ಲ. ಸೊಳ್ಳೆ, ಪಾಚಿ, ಎಲೆ, ಗರಿ ಎಲ್ಲವೂ ಆ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು, ಮಣ್ಣು ಮಾತ್ರ ಇರಲಿಲ್ಲ. ಅಲ್ಲಿಯ ನೆಲ ಗೂಟವನ್ನು ಒಳಗೆ ಬಿಟ್ಟುಕೊಳ್ಳುವಷ್ಟು ಮೆತ್ತಗಿದೆಯೋ, ಬರೀ ಬಂಡೆಯೋ ಪುಟ್ಟಿಗೂ ಗೊತ್ತಿರಲಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.