ಸೊಂಟಕ್ಕೆ ಬಿಟ್ಟ ಎರಡು ಬೆರಳು

ಟೈಲರಮ್ಮ ತಾರಸಿಯ ಮೇಲೆ ಒದ್ದೆ ಚಾದರದ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟು ಹಿಂಡುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ತಮ್ಮನ ಕೂಗು ಕೇಳಿತು.

"ಅಕ್ಕಾ! ಕೋಟು ವಾಪಸ್ ಬಂತು!"

ಟೈಲರಮ್ಮ ಕೈಬಿಟ್ಟು ಓಡಿದಳು. ಚಾದರ ಗಿರ್ರನೆ ತಿರುಗಿ ಅತ್ತೆಯ ಮುಖದ ಮೇಲೆಲ್ಲ ನೀರು ಚಿಮ್ಮಿಸಿತು. "ಸ್ನಾನ ಆಗಿತ್ತು ಕಣೇ ನಂದು!" ಎಂದು ಗೊಣಗುತ್ತಲೇ ಆಕೆಯೂ ಹಿಂದೆ ಇಳಿದರು.

ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ಅಂಗಡಿ. ಟೈಲರಮ್ಮ ಹೊಲಿಯುತ್ತಿದ್ದಳು, ಅತ್ತೆ ಕಾಜಾ ಗುಂಡಿ ನೋಡಿಕೊಳ್ಳುತ್ತಿದ್ದರು. ಜನ ಫೋನಿನಲ್ಲೇ ಬಟ್ಟೆ ತರಿಸಿಕೊಳ್ಳತೊಡಗಿದ ಮೇಲೆ ಹೊಸ ಬಟ್ಟೆ ಹೊಲಿಸುವವರು ನಿಂತೇಹೋದರು. ಪ್ಯಾಂಟಿನ ಜಿಪ್ಪು ಹಾಕಿಕೊಡಿ, ಕಾಲು ಮಡಚಿಕೊಡಿ ಎಂದು ಬರುವವರಷ್ಟೇ ಉಳಿದರು. ಆಗ ತಮ್ಮನೇ ಒಂದು ದಾರಿ ತಂದ. ಅವನಿದ್ದ ಕಾರ್ಖಾನೆಯಲ್ಲಿ ಹೊಸ ಏರ್ಪಾಡು. ಗಿರಾಕಿ ತನ್ನ ಮನೆಯಲ್ಲೇ ಫೋನನ್ನು ಗೋಡೆಗೊರಗಿಸಿ ಒಂದು ಸುತ್ತು ತಿರುಗಿದರೆ ಸಾಕು, ಫೋನೇ ಮೈಯಳತೆ ತೆಗೆದು ಕಳಿಸುತ್ತದೆ. ಟೈಲರು ಅಳತೆ ನೋಡಿ, ಬೇಕಿದ್ದರೆ ತಿದ್ದಿ, ಹೂಂ ಅನ್ನಬೇಕು, ಕಾರ್ಖಾನೆಯ ಯಂತ್ರ ಬಟ್ಟೆ ಕತ್ತರಿಸುತ್ತದೆ, ಟೈಲರು ಹೊಲಿದು ಕಳಿಸಬೇಕು. ಟೈಲರಮ್ಮನಿಗೆ ಸಿಕ್ಕ ಮೊದಲ ಕೆಲಸ ಈ ಕೋಟು. ಸರಿಹೋದರೆ ಕೈತುಂಬ ಕೆಲಸ, ಇಲ್ಲದಿದ್ದರೆ ಮತ್ತೆ ಜಿಪ್ಪು.

"ಗಿರಾಕಿ ಏನಂದ್ರು?"

ತಮ್ಮ ಫೋನು ತೆಗೆದು ಓದಿದ. "ಹೊಲಿಗೆ ಮುತ್ತಿನ ಹಾಗಿದೆ. ಆದ್ರೆ ಸೊಂಟದ ಹತ್ರ ನನ್ನ ಜೊತೆ ಇನ್ನೊಬ್ಬರು ಬಾಡಿಗೆಗೆ ಇರಬಹುದು."

ಅತ್ತೆ ಕಿಸಕ್ಕನೆ ನಕ್ಕು, ಸೊಸೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

"ಇನ್ನೊಂದೇ ಸಲ ಹೊಲಿಯೋಕೆ ಬಿಡ್ತಾರಂತೆ ಅಕ್ಕಾ. ಅದೂ ಕೆಟ್ಟರೆ ಬೇರೆಯವರಿಗೆ ಕೊಡ್ತಾರೆ."

ಟೈಲರಮ್ಮ ಕೋಟನ್ನು ಮೇಜಿನ ಮೇಲೆ ಹರಡಿದಳು. ಮೇಜಿನ ಆ ಕಡೆ ಮಗಳು ಬಂದು ನಿಂತಳು. ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಿದ್ದಳೆಂದು ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮಿಡತೆ ಎಂದು. ಬೆಳೆಯುತ್ತ ಅವಳ ಬೆನ್ನು ಒಂದು ಪಕ್ಕಕ್ಕೆ ಬಾಗಿತ್ತು, ಎಡಭುಜ ಇಳಿದಿತ್ತು. ಒಮ್ಮೆ ಇದೇ ಅಂಗಡಿಯಲ್ಲಿ ಅಮ್ಮ ಟೇಪು ಹಿಡಿದಾಗ ಯಾರೋ "ಅಯ್ಯೋ ಪಾಪ" ಅಂದರು, ಅಷ್ಟೇ. ಅಂದಿನಿಂದ ಟೇಪು ಮೈಗೆ ಮುಟ್ಟಿಸಿಕೊಂಡವಳಲ್ಲ. ಲಾರಿ ಓಡಿಸುವ ಅಪ್ಪನ ದೊಗಲೆ ಅಂಗಿಗಳೇ ಅವಳ ಬಟ್ಟೆ. ಟೈಲರಮ್ಮ ಬಲವಂತ ಮಾಡಲಿಲ್ಲ. ಊರವರಿಗೆಲ್ಲ ಹೊಲಿದ ಕೈ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಹೊಲಿಯಲಾರದೆ ಕಾಯುತ್ತಿತ್ತು.

ಮಿಡತೆ ಕೋಟಿನ ಎಡತೋಳನ್ನು ಬಲತೋಳಿನ ಮೇಲೆ ಮಡಚಿ ನೋಡಿದಳು. "ಅಮ್ಮಾ, ಎರಡು ಭುಜ ಒಂದೇ ಥರ ಇಲ್ಲ. ಮಷೀನು ತಪ್ಪು ಮಾಡಿದೆ."

"ಇಲ್ಲ ಕಂದಾ. ಅವರ ಭುಜ ಹಾಗೇ ಇರೋದು. ಫೋನು ಎರಡನ್ನೂ ಬೇರೆ ಬೇರೆ ಅಳೆದಿದೆ. ಭುಜದ ಬಗ್ಗೆ ಅವರು ಒಂದು ಮಾತೂ ಆಡಿಲ್ಲ ನೋಡು, ಅಂದ್ರೆ ಸರಿ ಕೂತಿದೆ."

ಮಿಡತೆಯ ಬಾಯಿ ತೆರೆಯಿತು. ಏನೋ ಕೇಳಬೇಕೆಂದವಳು ನುಂಗಿಕೊಂಡು ಬಾಗಿಲ ಮರೆಗೆ ಸರಿದಳು. ಟೈಲರಮ್ಮ ನೋಡಿಯೂ ನೋಡದವಳಂತೆ ಇದ್ದಳು.

"ಭುಜ ಸರಿ ಇದ್ದು ಸೊಂಟ ಯಾಕೆ ಕೆಡ್ತು?" ತಮ್ಮ ತಲೆ ಕೆರೆದುಕೊಂಡ. "ಅಕ್ಕಾ, ಅಳತೆಗೆ ನೀನೇನಾದ್ರೂ ಸೇರಿಸಿದ್ಯಾ?"

"ಸೊಂಟಕ್ಕೆ ಎರಡು ಬೆರಳು ಸಡಿಲ ಬಿಟ್ಟೆ. ಯಾವಾಗ್ಲೂ ಬಿಡ್ತೀನಲ್ಲ."

"ಯಾಕೆ?"

ಯಾಕೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಕಲಿಸಿದವರು ಬಿಡು ಅಂದಿದ್ದರು, ಬಿಡುತ್ತಿದ್ದಳು. ಕೊರಳಲ್ಲಿದ್ದ ಟೇಪು ತೆಗೆದಳು. "ಅತ್ತೆ, ಬನ್ನಿ ಇಲ್ಲಿ."

ಟೇಪು ಹತ್ತಿರ ಬಂದದ್ದೇ ತಡ, ಅತ್ತೆ ನೆಟ್ಟಗಾದರು. ಹೊಟ್ಟೆ ಒಳಗೆ ಹೋಯಿತು, ಗಲ್ಲ ಮೇಲೆ ಹೋಯಿತು.

"ಅತ್ತೆ, ಉಸಿರು ಬಿಡಿ."

"ಬಿಟ್ಟೇ ನಿಂತಿದೀನಿ ಕಣೇ. ನನ್ನ ಸೊಂಟ ಇರೋದೇ ಇಷ್ಟು."

ಟೈಲರಮ್ಮ ಅಳತೆ ನೋಡಿಕೊಂಡು, ಫೋನನ್ನು ಒಳಕೋಣೆಯ ಗೋಡೆಗೊರಗಿಸಿ, ಅತ್ತೆಯೊಬ್ಬರನ್ನೇ ಒಳಗೆ ಬಿಟ್ಟು ಬಾಗಿಲೆಳೆದಳು. ಒಳಗಿಂದ ನಿರಾಳವಾದ ಒಂದು ನಿಟ್ಟುಸಿರು ಕೇಳಿತು. ಅವರು ಹೊರಬಂದ ಮೇಲೆ ಮೂವರೂ ಫೋನಿಗೆ ತಲೆ ಬಾಗಿಸಿದರು. ಟೇಪು ಹೇಳಿದ್ದಕ್ಕಿಂತ ಸರಿಯಾಗಿ ಎರಡು ಬೆರಳು ಜಾಸ್ತಿ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತೆ, ಫೋನಿನ ಮುಂದೆ ಮಾತ್ರ ನಿಜ ಹೇಳ್ತೀರಲ್ಲ!"

"ಥೂ, ಈ ಡಬ್ಬಿಗೆ ಮರ್ಯಾದೆನೇ ಇಲ್ಲ!"

ಟೈಲರಮ್ಮ ಮಾತ್ರ ನಗಲಿಲ್ಲ, ಅವಳ ಕಣ್ಣು ಅರಳಿತ್ತು. "ಜನ ಹೊಟ್ಟೆ ಎಳ್ಕೊಳ್ಳೋದು ನಮ್ಮ ಮುಂದೆ. ಬಾಗಿಲು ಹಾಕ್ಕೊಂಡು ಒಬ್ಬರೇ ಇದ್ದಾಗ ಯಾರಿಗೋಸ್ಕರ ಎಳ್ಕೋಬೇಕು? ಯಾರೂ ನೋಡಲ್ಲ, ಯಾರೂ ಪಾಪ ಅನ್ನಲ್ಲ. ಆ ಎರಡು ಬೆರಳು ಇನ್ನು ಬೇಡ ಕಣೋ!"

ಫೋನು ಹೇಳಿದ ಅಳತೆಗೇ ಹೂಂ ಅಂದಳು. ಕತ್ತರಿಸಿದ ತುಂಡುಗಳು ಬಂದವು. ಕೈ ರೂಢಿಯಂತೆ ಸೊಂಟದಲ್ಲಿ ಸಡಿಲ ಬಿಡಲು ಹೋದಾಗಲೆಲ್ಲ "ಸುಮ್ನಿರೇ" ಎಂದು ತನ್ನ ಕೈಯನ್ನೇ ಗದರಿಕೊಂಡಳು. ಅತ್ತೆ ಕಾಜಾ ತೆಗೆದರು. ಕೋಟು ಹೋಯಿತು.

ಆಮೇಲೆ ಫೋನು ಟಿಣ್ ಅಂದಾಗಲೆಲ್ಲ ಮನೆಮಂದಿ ಓಡುತ್ತಿದ್ದರು. ಒಂದು ಬೆಳಿಗ್ಗೆ ಬಂದದ್ದು ಚಿತ್ರ. ಗಿರಾಕಿ ಕನ್ನಡಿಗೆ ಬೆನ್ನು ಹಾಕಿ, ತಿರುಗಿ ನೋಡಿ ನಗುತ್ತಿದ್ದಾರೆ. ಒಂದು ಭುಜ ಇಳಿದಿದೆ, ಬೆನ್ನು ಬಾಗಿದೆ. ಕೋಟು ಮಾತ್ರ ಮೈಯಲ್ಲೇ ಹುಟ್ಟಿಕೊಂಡಂತಿದೆ. ಕೆಳಗೆ ಬರೆದಿದ್ದರು: "ಟೇಪಿಗೆ ಹೆದರಿ ವರ್ಷಗಟ್ಟಲೆ ಜೋಲು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದೆ. ಇವತ್ತು ಇದನ್ನ ಹಾಕ್ಕೊಂಡು ಇಡೀ ಬೀದಿ ಸುತ್ತಿ ಬಂದೆ."

ಹಿಂದೆಯೇ ತಮ್ಮನ ಕರೆ. ದನಿ ಇಡೀ ಕೋಣೆ ತುಂಬಿತು. "ಅಕ್ಕಾ, ಕೆಲಸ ನಿಂದೇ! ಇನ್ಮೇಲೆ ಬರ್ತಾನೇ ಇರುತ್ತೆ!"

ಅತ್ತೆ ಮೂಲೆಯಲ್ಲಿದ್ದ ಜಿಪ್ಪು ಕಿತ್ತ ಪ್ಯಾಂಟುಗಳ ರಾಶಿಗೆ ಕೈಮುಗಿದರು. "ನಿಮಗೆ ಇವತ್ತು ರಜೆ ಕಣ್ರಪ್ಪಾ."

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿದಳು. ಮಿಡತೆ ಚಿತ್ರವನ್ನು ದೊಡ್ಡದು ಮಾಡಿ, ಆ ಇಳಿದ ಭುಜವನ್ನು ಬೆರಳಿಂದ ಸವರುತ್ತಿದ್ದಳು. ಕಾಯುವುದು ಟೈಲರಮ್ಮನಿಗೆ ರೂಢಿಯಾಗಿತ್ತು. ಮಿಡತೆ ಫೋನು ಹಿಡಿದುಕೊಂಡೇ ಒಳಕೋಣೆಯ ಬಾಗಿಲವರೆಗೆ ಹೋದಳು. ಅಪ್ಪನ ಅಂಗಿಯ ತೋಳು ಮೊಣಕೈವರೆಗೆ ಮಡಚಿಕೊಂಡಳು. ಆಮೇಲೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಅಮ್ಮಾ, ನಾನು ಬಾಗಿಲು ಹಾಕ್ಕೊಂಡು ಅಳತೆ ತಗೊಂಡು ಬರ್ತೀನಿ, ನನಗೂ ಇಂಥದ್ದೇ ಒಂದು ಹೊಲಿದು ಕೊಡ್ತೀಯಾ?"