ಆರ್ಗನ್ನಿನ ಪಕ್ಕದ ಕುರ್ಚಿ

ಬರುತ್ತದೆ ಎಂದು ಎಲ್ಲರೂ ನಂಬಿರುವ ಕೆಲಸ ನನಗೆ ಬರುವುದಿಲ್ಲ. ಇದನ್ನು ನನಗೆ ನಾನೇ ಹೇಳಿಕೊಳ್ಳಲು ಒಂದು ವಾರ ಬೇಕಾಯಿತು.

ಶನಿವಾರ ಚರ್ಚಿನಲ್ಲಿ ಸುಮಂತಣ್ಣ ವಾದ್ಯವೃಂದದ ಜೊತೆ ಹಳೆಯ ಕಾಲದ ಆರ್ಗನ್ ಕನ್ಚೆರ್ಟೊ ನುಡಿಸುತ್ತಾರೆ. ಪಕ್ಕದಲ್ಲಿ ಕೂತು ಪುಟ ತಿರುಗಿಸುವವಳು ನಾನು. ಬೀಸ್ಟನ್ ಎಂಬ ಈ ಇಂಗ್ಲಿಷ್ ಊರಿನ ಚರ್ಚಿನಲ್ಲಿ ಕನ್ನಡದವರು ನಾವಿಬ್ಬರೇ. ಅವರು ಬೆಂಗಳೂರಿನಲ್ಲಿ ಪಿಯಾನೊ ಪರೀಕ್ಷೆಗಳನ್ನೆಲ್ಲ ಮುಗಿಸಿ ಬಂದ ಎಂಜಿನಿಯರ್. “ನಿಂಗೆ ಮ್ಯೂಸಿಕ್ ಓದೋಕೆ ಬರುತ್ತಲ್ವಾ?” ಎಂದಾಗ ಹೂಂ ಅಂದೆ. ಆಗ ಅದು ಸುಳ್ಳಾಗಿರಲಿಲ್ಲ. ಬೆಟಗೇರಿಯ ನಮ್ಮ ಚರ್ಚಿನಲ್ಲಿ ಕ್ವಾಯರ್‌ನವರೆಲ್ಲ ಓದುವುದು ಸಾಲ್ಫಾ: ಸ್ವರಕ್ಕೊಂದು ಅಕ್ಷರ, ನಡುವೆ ತಾಳದ ಚುಕ್ಕೆ. ಮ್ಯೂಸಿಕ್ ಎಂದರೆ ಅದೇ. ಸುಮಂತಣ್ಣನ ಪುಸ್ತಕದಲ್ಲಿ ಅಕ್ಷರವೇ ಇರಲಿಲ್ಲ. ಬರೀ ಗೆರೆ, ಗೆರೆಯ ಮೇಲೆ ಇರುವೆ ಮುತ್ತಿದ ಹಾಗೆ ಕಪ್ಪು.

ರಿಹರ್ಸಲ್‌ನಲ್ಲಿ ಅವರು ತಲೆ ಆಡಿಸಿದಾಗಲೆಲ್ಲ ತಿರುಗಿಸಿದೆ. “ಎಷ್ಟು ಕರೆಕ್ಟಾಗಿ ತಿರುಗಿಸ್ತೀಯ!” ಎಂದರು. ಹೊಗಳಿದಷ್ಟೂ ನನ್ನ ಬಾಯಿ ಕಟ್ಟಿತು. ಲೈಬ್ರರಿಯಿಂದ ಅದೇ ಕನ್ಚೆರ್ಟೊದ ಸಿ.ಡಿ. ತಂದು ಬಸ್ಸಿನಲ್ಲಿ ಕೇಳಿ ಕೇಳಿ ಇಳಿಯುವ ಸ್ಟಾಪ್ ದಾಟಿಹೋದೆ. ಗೆರೆಗಳು ಮಾತ್ರ ಬಾಯಿ ಬಿಡಲಿಲ್ಲ.

“ಹೇಳ್ಬಿಡೇ,” ಎಂದಳು ನನ್ನ ಹೌಸ್‌ಮೇಟ್, ಬೆಂಗಳೂರಿನ ಮೆಹ್ವಿಶ್, ಆಸ್ಪತ್ರೆಯ ಡ್ಯೂಟಿಗೆ ಹೊರಡುತ್ತ. “ಏನ್ ನೇಣಿಗೆ ಹಾಕ್ತಾರಾ?”

“ಬೇರೆಯವ್ರನ್ನ ಕೂರಿಸ್ತಾರೆ.”

“ಕೂರಿಸ್ಲಿ. ನಿಂಗೇನು?”

“ಅಲ್ಲಿ ಕೂತ್ರೆ ನೆಲ ನಡುಗುತ್ತೆ ಮೆಹ್ವಿಶ್. ಪಾದದಲ್ಲೇ ಸಂಗೀತ ಕೇಳ್ಸುತ್ತೆ. ನಂಗೆ ಬೇಕು.”

“ಯಾ ಅಲ್ಲಾ! ಸುಮಂತ್ ಮೇಲೆ ಲವ್ವಾ?”

“ಕುರ್ಚಿ ಮೇಲೆ ಕಣೇ!”

“ಹಾಗಾದ್ರೆ ನಿನ್ನ ಕೇಸ್ ಸೀರಿಯಸ್ಸು,” ಎಂದು ಬಾಗಿಲು ಎಳೆದುಕೊಂಡು ಹೋದಳು.

ಶನಿವಾರ ಬಂತು. ಬೆಂಚುಗಳು ತುಂಬಿದ್ದವು. ಆರ್ಗನ್ನಿನ ಅಟ್ಟದಿಂದ ಕೆಳಗೆ ವಯೊಲಿನ್‌ನವರು ಶ್ರುತಿ ಕೂಡಿಸುತ್ತಿದ್ದರು. ಸುಮಂತಣ್ಣ ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿ ನನ್ನ ಕಡೆ ಬಾಗಿದರು.

“ಇಲ್ಲಿ ನೋಡು, ಸ್ವರಾನೇ ಬರೆದಿಲ್ಲ. ನುಡಿಸೋನಿಗೆ ತೋಚಿದ್ದು ನುಡಿಸ್ಲಿ ಅಂತ ಆಗಿನವರು ಖಾಲಿ ಬಿಡ್ತಿದ್ರು. ರಿಹರ್ಸಲ್‌ನಲ್ಲಿ ಹಾರಿಸಿದ್ವಿ, ಇವತ್ತು ನುಡಿಸ್ತೀನಿ. ಎಷ್ಟು ದಿನದ ಆಸೆ ಗೊತ್ತಾ? ಅದು ಮುಗಿದ್ಮೇಲೆ ಕೆಳಗಿನವ್ರ ಜೊತೆ ಮತ್ತೆ ಸೇರ್ಕೊಳ್ಳೋಕೆ ನನ್ನ ಕಣ್ಣೆಲ್ಲ ಈ ಕನ್ನಡಿ ಮೇಲೆ. ಕಂಡಕ್ಟರ್ ಕಾಣೋದು ಅದರಲ್ಲೇ. ತಲೆ ಆಡ್ಸೋಕಾಗಲ್ಲ. ನೀನೇ ಓದ್ಕೊಂಡು ತಿರುಗ್ಸು, ಆಯ್ತಾ?”

ಹೂಂ ಎನ್ನಲು ತುಟಿ ತಾನಾಗಿ ತೆರೆಯಿತು. ಪುಟ ತಿರುಗದೆ, ಅಷ್ಟು ಜನರ ಮುಂದೆ ಅವರ ಕೈಗಳು ಕೀಲಿಮಣೆಯ ಮೇಲೆ ಸುಮ್ಮನೆ ನಿಂತದ್ದು ಕಣ್ಣಿಗೆ ಕಟ್ಟಿತು. ಕೆಳಗೆ ಶ್ರುತಿ ಕೂಡಿಸುವುದು ನಿಂತಿತು. ನಾನು ಅವರ ತೋಳು ಹಿಡಿದೆ. ಬೆಂಗಳೂರಿನವರ ಜೊತೆ ಮಾತಾಡಲೆಂದು ಕಲಿತ ನಾಜೂಕು ಕನ್ನಡ ಎಲ್ಲಿ ಹೋಯಿತೋ.

“ಸುಮಂತಣ್ಣಾ, ನನಗ ಇದನ್ನ ಓದಾಕ ಬರಂಗಿಲ್ರೀ.”