ಎರಡು ನಿಮಿಷಕ್ಕೊಮ್ಮೆ

ನನ್ನ ಕೆಲಸ ಒಂದೇ ಇತ್ತು. ಗೌತಮಿ ಹಗ್ಗದಲ್ಲಿ ತೂಗುತ್ತಿರುವಾಗ ಎರಡು ನಿಮಿಷಕ್ಕೊಮ್ಮೆ "ಬೆರಳು ಆಡಿಸು" ಅನ್ನುವುದು.

ಗೌತಮಿ ನನ್ನ ಸೊಸೆ. ಮಗ ಶ್ರೀಕರ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಂಡ್ಯದ ಮನೆಯಲ್ಲಿ ನಾವಿಬ್ಬರೇ. ಅವಳು ಒಂದು ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುತ್ತಾಳೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಇಬ್ಬರೂ ಅಳುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ, ತಿನ್ನುವಾಗಲೂ ಗೊತ್ತಾಗುತ್ತಿರಲಿಲ್ಲ.

ಭಾನುವಾರಗಳಂದು ಅವಳು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಶಿಬಾರಿ ಎಂಬ ಜಪಾನೀ ಹಗ್ಗದ ಕಲೆ ಕಲಿಯತೊಡಗಿದಳು. ಸೆಣಬಿನ ಹಗ್ಗದಿಂದ ತನ್ನನ್ನು ತಾನೇ ಕಟ್ಟಿ ಮೇಲಕ್ಕೆಳೆದುಕೊಂಡು, ಗಾಳಿಯಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯಬೇಕು. ಯಾಕೆಂದು ಕೇಳಿದೆ. "ಹಗ್ಗ ಬಿಗಿದ ಕಡೆ ಮೈ ಇದೆ ಅಂತ ಗೊತ್ತಾಗುತ್ತೆ ಅತ್ತೆ," ಎಂದಳು. ಮನೆಯಲ್ಲಿ ಒಬ್ಬಳೇ ಮಾಡಕೂಡದು, ಹಗ್ಗ ನರ ಒತ್ತಿದರೆ ತಿಳಿಯುವಂತೆ ಆಗಾಗ ಬೆರಳು ಆಡಿಸಲು ಯಾರಾದರೂ ಹೇಳುತ್ತಿರಬೇಕೆಂದು ಗುರುಗಳ ಕಟ್ಟಪ್ಪಣೆ. ಹಾಗಾಗಿ ನಡುಮನೆಯ ಕಬ್ಬಿಣದ ತೊಲೆಯ ಕೆಳಗೆ ನಾನು ಕುರ್ಚಿ ಹಾಕಿಕೊಂಡೆ.

ಮನೆಗೆಲಸದ ಮಂಚಮ್ಮ ಹಲಗೂರಿನ ಕಡೆಯವಳು. ಮೊದಲ ದಿನ ನೋಡಿ, "ಏನ್ ಗೌತಮಮ್ಮ, ಬಾವ್ಲಿ ನಿಮ್ಗೆ ನೆಂಟ್ರಾ?" ಅಂದಳು.

"ದೂರದವರು," ಎಂದಳು ಗೌತಮಿ ತೂಗುತ್ತಲೇ.

"ಅಂಗಾರೆ ಅತ್ಲಾಗ್ ತೂಗಿ, ಇಲ್ ಒರೆಸ್ಬೇಕು."

ಒರೆಸಿದ ಮೇಲೆ, ಯಾರೂ ಹೇಳದೆಯೇ, ಗೌತಮಿಯ ಕೆಳಗೆ ಎರಡು ಹಳೆಯ ಹಾಸಿಗೆ ತಂದು ಹಾಸಿ ಹೋದಳು.

ಪಕ್ಕಕ್ಕೆ ಮಲಗಿದಂತೆ ತೂಗುವುದು ಗೌತಮಿಗೆ ಬೇಗ ಬಂತು. ಅಲ್ಲಿಂದ ಜಗ್ಗದೆ, ನಿಲ್ಲದೆ ತಲೆಕೆಳಗಾಗುವುದು ಬರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಹಾಗೆ ಪಕ್ಕಕ್ಕೆ ತೂಗುತ್ತಾ ಕಣ್ಣು ಮುಚ್ಚಿದಳು. ಬಲತೋಳಿಗೆ ಹಗ್ಗದ ಎರಡು ಸುತ್ತು. ಹಣೆಯ ಗೆರೆ ಸಡಿಲವಾಯಿತು. ಶ್ರೀಕರ ಹೋದ ಮೇಲೆ ನಾನು ಆ ಮುಖ ನೋಡಿರಲಿಲ್ಲ. ನಿದ್ದೆ ಹತ್ತಿದವರನ್ನು ಎಬ್ಬಿಸಲು ಮನಸ್ಸು ಬಾರದಂತೆ, ನನಗೆ ಅವಳನ್ನು ಕರೆಯಲು ಮನಸ್ಸು ಬರಲಿಲ್ಲ. ಎರಡು ನಿಮಿಷ ಆಯಿತು, ನಾಲ್ಕಾಯಿತು. ಗಡಿಯಾರ ನೋಡುತ್ತಲೇ ಇದ್ದೆ. ಹತ್ತಾಯಿತು.

ಕಣ್ಣು ತೆರೆದು ಗಂಟಿಗೆ ಕೈ ಚಾಚಿದಳು. ಬಲ ಅಂಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು.

"ಅತ್ತೆ, ಕೈ ಇಲ್ಲ."

ನಾನು ಎದ್ದು ನಿಂತೆ, ಅಷ್ಟೆ. ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ. ಹಿತ್ತಲಿನಿಂದ ಬಂದ ಮಂಚಮ್ಮ ಅವಳ ಸೊಂಟದ ಕೆಳಗೆ ಹೆಗಲು ಕೊಟ್ಟಳು. "ನಾ ಎತ್ಕಂಡಿವ್ನಿ. ನೀವ್ ಬಿಚ್ಚಿ ಅಮ್ಮಾರೆ, ನಿಧಾನ್ವಾಗಿ." ಬಿಚ್ಚಿದೆ.

ನರ ಒತ್ತಿಹೋಗಿದೆ, ವಾರಗಳಲ್ಲಿ ಬರಬಹುದು, ತಿಂಗಳುಗಳೂ ಆಗಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದರು ಡಾಕ್ಟರು. ಸೂಜಿ ಹಿಡಿಯುವ ಕೈ ಅದು. ಲ್ಯಾಬಿನವರು ಅವಳನ್ನು ಚೀಟಿ ಹಂಚುವ ಕಡೆ ಕೂರಿಸಿದರು. ಗೌತಮಿ ನನ್ನನ್ನು ದೂರಲಿಲ್ಲ. ಬೆಳಿಗ್ಗೆ ಮಂಚಮ್ಮ ಪಾತ್ರೆ ಮುಟ್ಟುವ ಮೊದಲು ಅವಳಿಗೆ ಜಡೆ ಹಾಕುತ್ತಿದ್ದಳು. ನಾನು ಅನ್ನ ಕಲಸಿ ಚಮಚ ಇಡುತ್ತಿದ್ದೆ.

ಆರನೆಯ ವಾರ, ತಟ್ಟೆಯ ಮೇಲೆ ಅವಳ ಮಣಿಕಟ್ಟು ಒಂದು ಬೆರಳಷ್ಟು ಎದ್ದಿತು. ಹನ್ನೊಂದನೆಯ ವಾರ ಮತ್ತೆ ಸೂಜಿ ಹಿಡಿದಳು. ಆ ಶನಿವಾರ ಹಗ್ಗ ತೆಗೆದಳು. ನಾನು ಕುರ್ಚಿ ಎಳೆದೆ.

"ನೀವು ಬೇಡ ಅತ್ತೆ. ಮಂಚಮ್ಮ ಕೂತ್ಕೊಳ್ಳಲಿ."

"ಆಗಲಿ."

"ನಿಮಗೆ ನನ್ನನ್ನ ಕರೆಯೋಕೆ ಮನಸ್ಸು ಬರಲ್ಲ. ಅವಳಿಗೆ ಬರುತ್ತೆ."

ನಿಜವೇ. ನೋವಾಯಿತೇ ಎಂದು ನನ್ನೊಳಗೆ ಹುಡುಕಿದೆ. ಏನೂ ಸಿಗಲಿಲ್ಲ. ಅಡುಗೆಮನೆಯಲ್ಲಿ ಬಾಗಿಲಿಗೆ ನೇರವಾಗಿ ಕೂತು ದಂಟಿನ ಸೊಪ್ಪು ಬಿಡಿಸತೊಡಗಿದೆ.

"ಬೆಳ್ಳಾಡ್ಸಿ," ಮಂಚಮ್ಮನ ದನಿ.

"ಈಗ್ತಾನೆ ಆಡಿಸಿದೆನಲ್ಲಾ."

"ಇನ್ನೊಂದ್ಸಲ ಆಡ್ಸಿ. ಸವ್ದೋಯ್ತದಾ?"

ಆಮೇಲೆ ಗೌತಮಿಯ ಮಾತು ಕೇಳಿಸಿತು. "ಮಂಚಮ್ಮ, ಕುರ್ಚಿ ಸ್ವಲ್ಪ ಈ ಕಡೆ ಹಾಕ್ಕೋ. ಅಲ್ಲಿ ಕೂತರೆ ಅತ್ತೆಗೆ ನಾನು ಕಾಣಲ್ಲ."

ಕುರ್ಚಿ ಸರಿದ ಸದ್ದಾಯಿತು. ನಾನು ತಲೆಯೆತ್ತಿದೆ. ಗೌತಮಿ ಒಂದು ಕಾಲು ಮಡಿಸಿ, ಬೆನ್ನು ತಿರುಗಿಸಿ, ಎಲ್ಲಿಯೂ ನಿಲ್ಲದೆ ತಲೆಕೆಳಗಾದಳು. ಜಡೆ ಹಾಸಿಗೆಗೆ ತಾಗಿತು. ಅಷ್ಟೇ ನಿಧಾನವಾಗಿ ಮೇಲೆ ಬಂದು, ಬಲಗೈಯಿಂದ ಗಂಟು ಬಿಚ್ಚಿ, ನೆಲಕ್ಕೆ ಕಾಲೂರಿದಳು.